ಕಲ್ ಬಂಗಲೆಯಿಂದ ಸಸ್ಯೋದ್ಯಾನದವರೆಗೆ: ಜಲವರ್ಣ ಚಿತ್ರಗಳಲ್ಲಿ ನೀಲಗಿರಿ

ಊಟಿಯ ಸರ್ಕಾರಿ ಕಲಾ ಕಾಲೇಜಿನ ಆವರಣದಲ್ಲಿ ಒಂದು ಹಳೆಯ ಬಂಗಲೆಯಿದೆ. ಇಂಗ್ಲಿಷ್ ಕಾಗದಪತ್ರಗಳಲ್ಲಿ ಅದರ ಹೆಸರು ಸ್ಟೋನ್‌ಹೌಸ್. ಬೆಟ್ಟದ ಬಡಗರು ಅದನ್ನು ಕರೆದದ್ದು 'ಕಲ್ ಬಂಗಲೆ' ಎಂದು. ಕನ್ನಡ ಬಲ್ಲವರಿಗೆ ಈ ಹೆಸರಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1822ರಲ್ಲಿ ಕಟ್ಟಲು ಆರಂಭಿಸಿದ ಈ ಮನೆಯೇ ಊಟಿಯ ಮೊದಲ ಬಂಗಲೆ. ಮುಂದೆ ಮದ್ರಾಸ್ ಸರ್ಕಾರ ಬೇಸಿಗೆಯಲ್ಲಿ ಬೆಟ್ಟ ಹತ್ತತೊಡಗಿದಾಗ ಇದೇ ಸೆಕ್ರೆಟರಿಯೇಟ್ ಆಯಿತು. ಸೇರ್ಪಡೆ, ಬದಲಾವಣೆಗಳು ಆಗುತ್ತಲೇ ಹೋದವು.

ಈ ಮನೆ ಎದ್ದಾಗ ಫೋಟೋ ತೆಗೆಯುವ ಯಂತ್ರವೇ ಇರಲಿಲ್ಲ. ಛಾಯಾಚಿತ್ರದ ವಿಧಾನ ಜಗತ್ತಿಗೆ ಗೊತ್ತಾದದ್ದು 1839ರಲ್ಲಿ. ಅದು ಬೆಟ್ಟ ಹತ್ತಿ ಬರಲು ಇನ್ನಷ್ಟು ವರ್ಷ ಹಿಡಿಯಿತು. ಹಾಗಾಗಿ ಊಟಿ, ಕೋತಗಿರಿ, ಕೂನೂರುಗಳು ಮೊದಲ ಎರಡು-ಮೂರು ದಶಕ ಹೇಗಿದ್ದವು, ಬಂಗಲೆಗಳಿಗೆ ಹುಲ್ಲು ಹೊದಿಸಿತ್ತೇ ಹೆಂಚು ಹೊದಿಸಿತ್ತೇ, ಕೆರೆ ಎಲ್ಲಿಯವರೆಗೆ ಇತ್ತು, ಗುಡ್ಡದ ಮೇಲೆ ಮರ ಇತ್ತೇ ಇಲ್ಲವೇ ಎಂದು ಕಣ್ಣಾರೆ ನೋಡಲು ಉಳಿದಿರುವುದು ಚಿತ್ರಗಳು ಮಾತ್ರ. ಅವುಗಳಲ್ಲಿ ಬಹುಪಾಲು ಕಾಗದದ ಮೇಲೆ ನೀರಿನಲ್ಲಿ ಕಲಸಿದ ಬಣ್ಣದಿಂದ ಬರೆದವು, ಅಂದರೆ ಜಲವರ್ಣ. ಇಲ್ಲವೇ ಜಲವರ್ಣವನ್ನು ನೋಡಿಕೊಂಡು ಅಚ್ಚು ಹಾಕಿದವು. ವಸಾಹತು ಕಾಲದ ಕಟ್ಟಡ ಮತ್ತು ತೋಟಗಳ ಈ ಚಿತ್ರಗಳನ್ನು ಯಾರು ಬರೆದರು, ಅವುಗಳಿಂದ ಏನು ತಿಳಿಯುತ್ತದೆ, ಅವು ಏನನ್ನು ಬಿಟ್ಟುಬಿಟ್ಟಿವೆ, ಮನೆಯಲ್ಲೋ ಶಾಲೆಯಲ್ಲೋ ಅಂಥದ್ದೊಂದು ಸಿಕ್ಕರೆ ಹೇಗೆ ಕಾಪಾಡಬೇಕು ಎಂಬ ಮಾಹಿತಿ ಇಲ್ಲಿದೆ.

ಯುದ್ಧದ ಹಿಂದೆ ಬಂದ ಕುಂಚ

ನೀಲಗಿರಿಗೆ ಕುಂಚ ಬರುವ ಮೊದಲೇ ಅದು ಮೈಸೂರು ಸೀಮೆಗೆ ಬಂದಿತ್ತು. ಬಂದದ್ದು ಸೈನ್ಯದ ಜೊತೆ. 1790ರಿಂದ 1792ರವರೆಗೆ ಟಿಪ್ಪು ಸುಲ್ತಾನನ ಮೇಲೆ ನಡೆದ ಯುದ್ಧದಲ್ಲಿ ಬಂದ ಅಧಿಕಾರಿಗಳಲ್ಲಿ ಹಲವರು ಚಿತ್ರ ಬರೆಯಬಲ್ಲವರಾಗಿದ್ದರು. ಸರ್ವೇ ಅಧಿಕಾರಿ ರಾಬರ್ಟ್ ಕೋಲ್‌ಬ್ರೂಕ್ ಮೈಸೂರು ರಾಜ್ಯದ 12 ನೋಟಗಳನ್ನು ಪ್ರಕಟಿಸಿದರು. ಅದರಲ್ಲಿ ಒಂದು, ಸೈಪ್ರೆಸ್ ಮರಗಳ ತೋಟದೊಡನೆ ಕಾಣುವ ಬೆಂಗಳೂರು. ಫಿರಂಗಿ ದಳದ ಲೆಫ್ಟಿನೆಂಟ್ ಜೇಮ್ಸ್ ಹಂಟರ್ ಬರೆದ ಬೆಂಗಳೂರು, ಹೊಸಕೋಟೆಗಳ ಚಿತ್ರಗಳು ಅವರು ತೀರಿಕೊಂಡ ಮೇಲೆ 1804-05ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. 1792ರಲ್ಲಿ ಥಾಮಸ್ ಡೇನಿಯಲ್ ಮತ್ತು ಅವರ ಅಣ್ಣನ ಮಗ ವಿಲಿಯಂ ಡೇನಿಯಲ್ ಮದ್ರಾಸಿನಿಂದ ಹೊರಟು ಬಾರಾಮಹಲ್ ದಾಟಿದರು. ಹೊಸೂರು ಕಡೆಯ ಓದುಗರಿಗೆ ಗೊತ್ತಿರುವ ರಾಯಕೋಟೆಯ ಬಂಡೆ ಅವರ 'ಓರಿಯಂಟಲ್ ಸೀನರಿ' ಸಂಪುಟದಲ್ಲಿದೆ.

ಸೈನಿಕರಿಗೆ ಚಿತ್ರಕಲೆ ಏಕೆ ಎಂದು ಅನಿಸಬಹುದು. ಕೋಟೆ, ಕಣಿವೆ, ಹೊಳೆ ದಾಟುವ ಜಾಗ ಇವನ್ನೆಲ್ಲ ನೋಡಿದ ಹಾಗೆ ಕಾಗದಕ್ಕೆ ಇಳಿಸುವುದು ಅಂದಿನ ಅಧಿಕಾರಿಯ ಕೆಲಸದ ಭಾಗ. ಇಂಗ್ಲೆಂಡಿನ ವುಲಿಚ್ ಸೈನಿಕ ಶಾಲೆಯಲ್ಲಿ 1768ರಿಂದ 1796ರವರೆಗೆ ಡ್ರಾಯಿಂಗ್ ಮೇಷ್ಟ್ರಾಗಿದ್ದವರು ಆ ಕಾಲದ ಹೆಸರಾಂತ ಜಲವರ್ಣ ಕಲಾವಿದ ಪಾಲ್ ಸ್ಯಾಂಡ್ಬಿ. ಈಸ್ಟ್ ಇಂಡಿಯಾ ಕಂಪನಿಯ ಸ್ವಂತ ಸೈನಿಕ ಶಾಲೆ ಅಡಿಸ್ಕೂಂಬ್‌ನಲ್ಲೂ ಡ್ರಾಯಿಂಗ್ ಕಲಿಸುತ್ತಿದ್ದರು. ಯುದ್ಧ ಮುಗಿದ ಮೇಲೆ ಅದೇ ಕೈ ಬಂಗಲೆ, ಚರ್ಚು, ಹೂತೋಟಗಳತ್ತ ತಿರುಗಿತು.

ಸಾಮಾನೂ ಸುಲಭವಾಗುತ್ತ ಬಂದಿತ್ತು. ಬಣ್ಣವನ್ನು ಕಲ್ಲಿನ ಮೇಲೆ ಅರೆದು ಅಂಟು ಸೇರಿಸುವ ಕಾಲ ಹೋಗಿ, ಲಂಡನ್ನಿನ ರೀವ್ಸ್ ಅಂಗಡಿಯವರು 18ನೇ ಶತಮಾನದ ಕೊನೆಗೆ ಬಣ್ಣದ ಬಿಲ್ಲೆಗಳನ್ನು ಮಾಡಿದರು. ಅವರ ಪೆಟ್ಟಿಗೆಗಳು ಕಂಪನಿಯ ಅಧಿಕಾರಿಗಳ ಜೊತೆ ಹಡಗು ಹತ್ತಿದವು. ವಿನ್ಸರ್ ಅಂಡ್ ನ್ಯೂಟನ್ ಕಂಪನಿ 1830ರ ದಶಕದಲ್ಲಿ ಒದ್ದೆ ಕುಂಚ ತಾಗಿಸಿದರೆ ಸಾಕು ಕರಗುವ ಬಣ್ಣವನ್ನೂ, 1840ರ ದಶಕದಲ್ಲಿ ತವರದ ಟ್ಯೂಬನ್ನೂ ತಂದಿತು. ಕಾಗದ ವಾಟ್‌ಮನ್ ಗಿರಣಿಯದು. ತೈಲವರ್ಣಕ್ಕೆ ದಿನಗಟ್ಟಲೆ ಒಣಗುವ ಸಮಯ, ಚೌಕಟ್ಟು, ಕ್ಯಾನ್ವಾಸ್ ಬೇಕು. ಜಲವರ್ಣಕ್ಕೆ ಒಂದು ಪೆಟ್ಟಿಗೆ, ಒಂದು ಲೋಟ ನೀರು. ಕುದುರೆ ಮೇಲೋ ಡೋಲಿಯಲ್ಲೋ ಘಾಟಿ ಹತ್ತುವವರು ಇದನ್ನೇ ಆರಿಸಿಕೊಂಡದ್ದು ಸಹಜ.

ಬೆಟ್ಟ ಹತ್ತಿದವರು

1830ರ ದಶಕದಲ್ಲಿ ಮದ್ರಾಸ್ ಸೈನ್ಯದ ಕ್ಯಾಪ್ಟನ್ ಮೆಕ್‌ಕರ್ಡಿ ನೀಲಗಿರಿಯ ನೋಟಗಳನ್ನು ಬರೆದು ಕಲ್ಲಚ್ಚಿನಲ್ಲಿ ಪ್ರಕಟಿಸಿದರು. ಅವರಿಗಿಂತ ಹೆಚ್ಚು ಹೆಸರಾದವರು ಕ್ಯಾಪ್ಟನ್ ರಿಚರ್ಡ್ ಬ್ಯಾರನ್. ಮದ್ರಾಸ್ ಗವರ್ನರ್ ಸರ್ ಫ್ರೆಡರಿಕ್ ಆಡಮ್ ಅವರ ಎ.ಡಿ.ಸಿ. ಆಗಿ 1835ರಲ್ಲಿ ಬೆಟ್ಟದ ಮೇಲೆ ಕೆಲಕಾಲ ಇದ್ದ ಬ್ಯಾರನ್ ಬರೆದ ಚಿತ್ರಗಳು 1837ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾದವು. ಅಚ್ಚು ಹಾಕಿದವರು ರಾಬರ್ಟ್ ಹ್ಯಾವೆಲ್. ಅಮೆರಿಕದ ಆಡುಬಾನ್ ಅವರ ದೊಡ್ಡ ಪಕ್ಷಿಗ್ರಂಥಕ್ಕೆ ಫಲಕ ಕೊರೆದವರೂ ಇದೇ ಹ್ಯಾವೆಲ್. ತಾಮ್ರದ ತಗಡಿನಿಂದ ಅಚ್ಚು ತೆಗೆದು ಪ್ರತಿಯೊಂದಕ್ಕೂ ಕೈಯಿಂದ ಬಣ್ಣ ಹಚ್ಚುವ ಈ ವಿಧಾನಕ್ಕೆ ಅಕ್ವಾಟಿಂಟ್ ಎಂದು ಹೆಸರು.

1874ರಲ್ಲಿ ಬಂದವರು ಎಡ್ವರ್ಡ್ ಲಿಯರ್. ಮಕ್ಕಳ ತಮಾಷೆ ಪದ್ಯಗಳಿಗೆ ಪ್ರಸಿದ್ಧರಾದ ಲಿಯರ್ ಹೊಟ್ಟೆಪಾಡಿಗೆ ನಂಬಿದ್ದು ನಿಸರ್ಗಚಿತ್ರವನ್ನು. ವೈಸರಾಯ್ ಲಾರ್ಡ್ ನಾರ್ತ್‌ಬ್ರೂಕ್ ಕರೆದರೆಂದು ಅರವತ್ತು ದಾಟಿದ ವಯಸ್ಸಿನಲ್ಲಿ 1873ರ ಕೊನೆಗೆ ಭಾರತಕ್ಕೆ ಬಂದು 1875ರ ಆರಂಭದವರೆಗೆ ತಿರುಗಿದರು. ಅವರ ಕೆಲಸದ ಕ್ರಮ ಕಲಿಯುವವರಿಗೆ ಇಂದಿಗೂ ಉಪಯುಕ್ತ. ಜಾಗದಲ್ಲಿ ಕುಳಿತು ಪೆನ್ಸಿಲ್ಲಿನಲ್ಲಿ ಬೇಗ ಬೇಗ ರೇಖೆ ಹಾಕುವುದು. ಯಾವ ಭಾಗ ಯಾವ ಬಣ್ಣ, ಅದು ಬಂಡೆಯೋ ಪೊದೆಯೋ ನೆರಳೋ ಎಂದು ಚಿತ್ರದ ಮೇಲೆಯೇ ಬರೆದುಕೊಳ್ಳುವುದು. ದಿನಾಂಕ, ಕೆಲವೊಮ್ಮೆ ಗಂಟೆ ಸಹ ನಮೂದಿಸುವುದು. ಆಮೇಲೆ ಬಿಡುವಿನಲ್ಲಿ ಶಾಯಿಯಿಂದ ತಿದ್ದಿ ತೆಳು ಬಣ್ಣ ಹಾಯಿಸುವುದು. ಹಾಗಾಗಿ ಅವರ ನೀಲಗಿರಿ ಚಿತ್ರಗಳು ಚಿತ್ರವೂ ಹೌದು, ದಿನಚರಿಯೂ ಹೌದು. ಅವರ ಭಾರತದ ರೇಖಾಚಿತ್ರಗಳ ದೊಡ್ಡ ಸಂಗ್ರಹ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಹೌಟನ್ ಗ್ರಂಥಾಲಯದಲ್ಲಿದೆ.

ಇವರೆಲ್ಲ ಬಂದು ಹೋದವರು. ಇಲ್ಲೇ ಉಳಿದವರು ಮಾರ್ಗರೆಟ್ ಕಾಕ್‌ಬರ್ನ್ (1829–1928). ತಂದೆ ಮಾಂಟೇಗ್ ಕಾಕ್‌ಬರ್ನ್ ಸೇಲಂ ಕಲೆಕ್ಟರ್ ಆಗಿದ್ದವರು, ಕೋತಗಿರಿಯಲ್ಲಿ ಕಾಫಿ ಬೆಳೆಸಿದವರು. ಮಗಳು ಅದೇ ಸೀಮೆಯಲ್ಲಿ ಚಹಾ ಬೆಳೆದ ಮೊದಲಿಗರಲ್ಲಿ ಒಬ್ಬರು. ಹಕ್ಕಿ, ಅದು ಕೂರುವ ಗಿಡ, ಆ ಗಿಡದ ಹೂವು, ಕಾಯಿ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಸೇರಿಸಿ ಬರೆದ ಅವರ ಜಲವರ್ಣಗಳು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿವೆ. ಒಂದು ವಾರ ಇದ್ದು ಹೋದ ಅಧಿಕಾರಿಯ ಚಿತ್ರಕ್ಕೂ, ಅದೇ ಹಿತ್ತಲನ್ನು ಎಲ್ಲ ಋತುಗಳಲ್ಲಿ ನೋಡಿದವರ ಚಿತ್ರಕ್ಕೂ ಇರುವ ವ್ಯತ್ಯಾಸ ಮೊದಲ ನೋಟಕ್ಕೇ ತಿಳಿಯುತ್ತದೆ.

ಕಟ್ಟಡವನ್ನು ಓದುವುದು ಹೇಗೆ

ನೀಲಗಿರಿ ಚಿತ್ರಗಳಲ್ಲಿ ಬರುವ ಕಟ್ಟಡಗಳಲ್ಲಿ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಮೊದಲ ಸ್ಥಾನ ಕೊಡಬಹುದು. 1829ರ ಏಪ್ರಿಲ್ 23ರಂದು ಗವರ್ನರ್ ಸ್ಟೀಫನ್ ರಂಬೋಲ್ಡ್ ಲಷಿಂಗ್‌ಟನ್ ಅಡಿಗಲ್ಲು ಹಾಕಿದರು. ನಕ್ಷೆ ಕ್ಯಾಪ್ಟನ್ ಅಂಡರ್‌ವುಡ್ ಅವರದು. 1831ರ ಈಸ್ಟರ್ ದಿನ ಪ್ರಾರ್ಥನೆಗೆ ತೆರೆಯಿತು. ಒಳಗಿನ ದೊಡ್ಡ ತೊಲೆ, ಮರಮಟ್ಟು ಶ್ರೀರಂಗಪಟ್ಟಣದಲ್ಲಿದ್ದ ಟಿಪ್ಪುವಿನ ಅರಮನೆಯಿಂದ ಬಂದದ್ದು. ಹೊರಗಿನಿಂದ ನೋಡಿದರೆ ತಿಳಿಹಳದಿ ಗೋಡೆಯ ಇಂಗ್ಲಿಷ್ ಚರ್ಚು, ಒಳಗೆ ಕಾವೇರಿ ದಂಡೆಯ ಅರಮನೆಯ ಮರ! ಹೊರನೋಟ ಬರೆದ ಯಾವ ಜಲವರ್ಣದಲ್ಲೂ ಇದು ಕಾಣುವುದಿಲ್ಲ ಎಂಬುದು ಬೇರೆ ಮಾತು.

ಫರ್ನ್‌ಹಿಲ್ ಮೊದಲು 1844ರಲ್ಲಿ ಕಟ್ಟಿದ ಬಂಗಲೆ; 1870ರ ದಶಕದಲ್ಲಿ ಮೈಸೂರು ಮಹಾರಾಜರ ಪಾಲಾಗಿ ಬೇಸಿಗೆ ಅರಮನೆಯಾಯಿತು. ಅದರ ಕೆಂಪು ಗೋಡೆ, ಸೂರಿನ ಅಂಚಿನ ಕೆತ್ತನೆ ಮರ, ಎರಕದ ಕಬ್ಬಿಣದ ಜಾಲರಿ ಚಿತ್ರಕಾರರಿಗೆ ಹಬ್ಬ. ನೀಲಗಿರಿ ಲೈಬ್ರರಿಯ ಗೋಥಿಕ್ ಕಮಾನಿನ ಕಟ್ಟಡ 1860ರ ದಶಕದ ಕೊನೆಯದು. ಅದರ ವಾಸ್ತುಶಿಲ್ಪಿ ರಾಬರ್ಟ್ ಚಿಸಂ. ಮದ್ರಾಸಿನ ಸೆನೆಟ್ ಹೌಸ್ ಕೂಡ ಅವರದೇ.

ದಿನಾಂಕವಿಲ್ಲದ ಹಳೆಯ ಚಿತ್ರವೊಂದು ಕೈಗೆ ಸಿಕ್ಕರೆ ಕಾಲ ಊಹಿಸಲು ಕೆಲವು ಗುರುತುಗಳಿವೆ. ಮೊದಲನೆಯದು ಮೇಲ್ಛಾವಣಿ. ಬೆಟ್ಟದ ಮೊದಲ ಮನೆಗಳಿಗೆ ಹುಲ್ಲು ಹೊದಿಸುವುದು ಸಾಮಾನ್ಯವಾಗಿತ್ತು. ಒಂದರೊಳಗೊಂದು ಕಚ್ಚಿಕೊಳ್ಳುವ ಚಪ್ಪಟೆ ಮಂಗಳೂರು ಹೆಂಚು ಕಂಡರೆ ಚಿತ್ರ 1865ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ, ಏಕೆಂದರೆ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದೇ ಆ ವರ್ಷ. ಕಾಸರಗೋಡಿನ ಮನೆಗಳ ಮೇಲಿರುವ ಹೆಂಚೂ ಅದೇ ಕುಲದ್ದು.

ಎರಡನೆಯದು ಕೆರೆ. ಸಲಿವನ್ 1820ರ ದಶಕದಲ್ಲಿ ಹೊಳೆಗಳಿಗೆ ಕಟ್ಟೆ ಹಾಕಿ ಮಾಡಿಸಿದ ಊಟಿ ಕೆರೆ ಈಗಿನದಕ್ಕಿಂತ ಬಹಳ ದೊಡ್ಡದು. ಮುಂದೆ ಬಸ್ ನಿಲ್ದಾಣ, ಕುದುರೆ ರೇಸ್ ಮೈದಾನ ಆದ ಜಾಗದಲ್ಲೆಲ್ಲ ಆಗ ನೀರಿತ್ತು. ಊರೊಳಗೆ ಉದ್ದಕ್ಕೆ ಚಾಚಿದ ನೀರು ಚಿತ್ರದಲ್ಲಿದ್ದರೆ ಚಿತ್ರಕಾರ ಉತ್ಪ್ರೇಕ್ಷೆ ಮಾಡಿದ್ದಾನೆ ಎಂದು ತಳ್ಳಿಹಾಕಬಾರದು.

ಮೂರನೆಯದು, ಎಲ್ಲಕ್ಕಿಂತ ನಂಬಿಕಸ್ತ ಗುರುತು, ಮರ. ಆಸ್ಟ್ರೇಲಿಯಾದ ಅಕೇಶಿಯಾ ಬೆಟ್ಟಕ್ಕೆ ಬಂದದ್ದು 1830ರ ದಶಕದಲ್ಲಿ, ಬ್ಲೂ ಗಮ್ 1843ರಲ್ಲಿ. ಅದಕ್ಕೆ ಹಿಂದಿನ ಬ್ಯಾರನ್‌ರಂಥವರ ಚಿತ್ರಗಳಲ್ಲಿ ಕಾಣುವುದು ಬೋಳು ಹುಲ್ಲುಗುಡ್ಡಗಳು, ಅವುಗಳ ಮಡಿಕೆಗಳಲ್ಲಿ ಅಡಗಿದ ಕಡುಹಸಿರು ಶೋಲಾ ಕಾಡು. ನೆಟ್ಟಗೆ ನಿಂತ ಬೂದುಹಸಿರು ಮರಗಳ ಸಾಲು ಬಂತೆಂದರೆ ಅದು ನಂತರದ ಚಿತ್ರ. ವಿಚಿತ್ರವೆಂದರೆ ಆ ಪರದೇಶಿ ಮರವನ್ನು ಕನ್ನಡದಲ್ಲಿ 'ನೀಲಗಿರಿ ಮರ' ಎನ್ನುತ್ತೇವೆ. ಬೆಟ್ಟದ ಹೆಸರು ಹೊತ್ತ ಮರ ಬೆಟ್ಟದ್ದಲ್ಲ.

ರೈಲು ಇದ್ದರಂತೂ ಸುಲಭ: ಕೂನೂರಿಗೆ 1899, ಊಟಿಗೆ 1908.

ತೋಟ ಮತ್ತು ಅದನ್ನು ಬರೆದ ಕೈಗಳು

ಊಟಿಯ ಸಸ್ಯೋದ್ಯಾನ ಶುರುವಾದದ್ದು ಹೂವಿಗಲ್ಲ, ತರಕಾರಿಗೆ. ಅಲ್ಲಿದ್ದ ಐರೋಪ್ಯರು ಚಂದಾ ಹಾಕಿಕೊಂಡು ಕೋಸು, ಕ್ಯಾರೆಟ್ ಬೆಳೆಯಲು 1840ರ ದಶಕದಲ್ಲಿ ಮಾಡಿಕೊಂಡ ತೋಟ ಅದು. 1848ರಲ್ಲಿ ಇಂಗ್ಲೆಂಡಿನ ಕ್ಯೂ ಉದ್ಯಾನದಿಂದ ವಿಲಿಯಂ ಗ್ರಹಾಂ ಮೆಕೈವರ್ ಬಂದ ಮೇಲೆ ಅದಕ್ಕೆ ಉದ್ಯಾನದ ರೂಪ ಬಂತು. ಸುಮಾರು 55 ಎಕರೆ ಇಳಿಜಾರನ್ನು ಮಜಲು ಮಜಲಾಗಿ ಕಡಿದು, ಜವುಗು ನೆಲದ ನೀರು ಹರಿಸಿ, ಹುಲ್ಲುಹಾಸು, ಹಾದಿ, ಹೂಪಾತಿ ಮಾಡಿಸಿದ್ದು ಅವರೇ. ಸಿಂಕೋನಾ ತೋಟಗಳನ್ನು ಎಬ್ಬಿಸಿದ್ದೂ ಅವರೇ. 1876ರಲ್ಲಿ ತೀರಿಕೊಂಡ ಮೆಕೈವರ್ ಅವರ ಸಮಾಧಿ ಸೇಂಟ್ ಸ್ಟೀಫನ್ಸ್ ಆವರಣದಲ್ಲಿದೆ. ಕೂನೂರಿನ ಸಿಮ್ಸ್ ಪಾರ್ಕ್ 1874ರದು. ಊಟಿಯ ಹೂವಿನ ಪ್ರದರ್ಶನ ಶುರುವಾದದ್ದು 1896ರಲ್ಲಿ.

ಉದ್ಯಾನದ ಇಡೀ ನೋಟ ಬರೆಯುವುದು ಒಂದು ಬಗೆ. ಒಂದೇ ಗಿಡವನ್ನು ಎಲೆ, ಹೂವು, ಬೀಜ ಸಮೇತ ಅಳತೆಗೆ ತಕ್ಕಂತೆ ಬರೆಯುವುದು ಇನ್ನೊಂದು ಬಗೆ. ಎರಡನೆಯದರಲ್ಲಿ ಈ ನೆಲದ ಕಲಾವಿದರದೇ ಮೇಲುಗೈ. ಕಂಪನಿಯ ವೈದ್ಯ ರಾಬರ್ಟ್ ವೈಟ್ ಕೊಯಮತ್ತೂರಿನಲ್ಲಿ ಇದ್ದುಕೊಂಡು 1846ರಿಂದ 1851ರ ನಡುವೆ ನೀಲಗಿರಿ ಸಸ್ಯಗಳ ಬಣ್ಣದ ಚಿತ್ರಗ್ರಂಥವೊಂದನ್ನು ಹೊರತಂದರು. ವೈಟ್ ಅವರ ಗ್ರಂಥಗಳಿಗೆ ಚಿತ್ರ ಬರೆದವರು ರಂಗಯ್ಯ ಮತ್ತು ಗೋವಿಂದು ಎಂಬ ಇಬ್ಬರು ದಕ್ಷಿಣ ಭಾರತೀಯರು. ಬಣ್ಣದ ಚಿತ್ರಕ್ಕೆ ಹೆಸರು ಬರೆಯುವ ರೂಢಿಯೇ ಇಲ್ಲದ ಕಾಲದಲ್ಲಿ ವೈಟ್ ಈ ಇಬ್ಬರ ಹೆಸರು ಹೇಳಿದರು. ಒಂದು ಆರ್ಕಿಡ್ ಕುಲಕ್ಕೆ 'ಗೋವಿಂದೂಯಿಯಾ' ಎಂದು ಹೆಸರಿಟ್ಟರು. ಹಾಗಿದ್ದೂ ಒಂದೂವರೆ ಶತಮಾನ ಅವರನ್ನು ಕೇಳಿದವರು ಕಡಿಮೆ. ಎಡಿನ್‌ಬರೋದ ಸಸ್ಯೋದ್ಯಾನದ ಹೆನ್ರಿ ನಾಲ್ಟಿ 2007ರಲ್ಲಿ ಪ್ರಕಟಿಸಿದ ಸಂಪುಟಗಳಿಂದ ಅವರ ಕೆಲಸ ಮತ್ತೆ ಬೆಳಕಿಗೆ ಬಂತು.

ಬೆಂಗಳೂರಿನ ಲಾಲ್‌ಬಾಗಿನಲ್ಲೂ ಇಂಥದ್ದೇ ಕಥೆ. ಜಾನ್ ಕ್ಯಾಮರೂನ್ ಮೇಲ್ವಿಚಾರಕರಾಗಿದ್ದ ಕಾಲದಿಂದ (ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು ಅವರ ಕಾಲದಲ್ಲೇ, 1889ರಲ್ಲಿ) ಅಲ್ಲಿನ ಗಿಡ, ಹೂವು, ಹಣ್ಣುಗಳನ್ನು ಜಲವರ್ಣದಲ್ಲಿ ದಾಖಲಿಸಿದವರು ಚೆಲುವಯ್ಯ ರಾಜು. ಗಾಜಿನ ಮನೆಯ ಫೋಟೋ ನೋಡದವರಿಲ್ಲ. ಚೆಲುವಯ್ಯ ರಾಜು ಅವರ ಹೆಸರು ಕೇಳಿದವರು ಎಷ್ಟು ಮಂದಿ?

ಚಿತ್ರದಲ್ಲಿ ಇಲ್ಲದ್ದು

ಈ ಚಿತ್ರಗಳನ್ನು ದಾಖಲೆ ಎಂದು ಒಪ್ಪುವಾಗ ಒಂದು ಎಚ್ಚರ ಬೇಕು. ಚಿತ್ರಕಾರ ಕಂಡದ್ದನ್ನೆಲ್ಲ ಬರೆಯುವುದಿಲ್ಲ, ಬೇಕಾದದ್ದನ್ನು ಬರೆಯುತ್ತಾನೆ. ಅಂದಿನ ಇಂಗ್ಲೆಂಡಿನಲ್ಲಿ ಚಿತ್ರವತ್ತಾದ ನೋಟಕ್ಕೆ ಒಂದು ಸೂತ್ರವಿತ್ತು: ಮುಂದೆ ಒಂದು ಓರೆ ಮರ, ನಡುವೆ ನೀರು ಅಥವಾ ಕಟ್ಟಡ, ಹಿಂದೆ ನೀಲಿ ಬೆಟ್ಟ, ಅಳತೆ ತಿಳಿಯಲು ಎರಡು ಸಣ್ಣ ಮನುಷ್ಯರು. ನೀಲಗಿರಿಯನ್ನೂ ಅದೇ ಅಚ್ಚಿಗೆ ಹಾಕಿದರು. ಸಣ್ಣ ಮನುಷ್ಯರ ಜಾಗದಲ್ಲಿ ಮೇಲುಹೊದಿಕೆ ಹೊದ್ದ ತೋಡರು ನಿಂತರು.

ತೋಡರು ಚಿತ್ರಕ್ಕೆ ಬಂದರು, ಆದರೆ ಬಂಗಲೆಯ ಕೆಳಗಿನ ನೆಲ ಯಾರದಾಗಿತ್ತು ಎಂಬುದು ಬರಲಿಲ್ಲ. ಸ್ಟೋನ್‌ಹೌಸಿನ ಜಾಗವನ್ನು ಸಲಿವನ್ ತೋಡರಿಂದ ಎಕರೆಗೆ ಒಂದು ರೂಪಾಯಿಯಂತೆ ಕೊಂಡರು ಎಂಬುದು ಊಟಿಯ ಚರಿತ್ರೆಯಲ್ಲಿ ಪದೇ ಪದೇ ಬರುವ ಮಾತು. ಸಲಿವನ್‌ಗೆ ನ್ಯಾಯವಾಗಿ ಇನ್ನೊಂದು ಮಾತನ್ನೂ ಸೇರಿಸಬೇಕು: ಈ ಹುಲ್ಲುಗಾವಲು ತೋಡರದು ಎಂದು ಅವರು ತಮ್ಮ ಸರ್ಕಾರದೊಡನೆಯೇ ವಾದ ಮಾಡಿದವರು. ಸಸ್ಯೋದ್ಯಾನದ ಮೇಲ್ತುದಿಯಲ್ಲಿ ಇಂದಿಗೂ ಒಂದು ತೋಡ ಮಂದ್ ಇದೆ. ಉದ್ಯಾನದ ಚಿತ್ರಗಳು ಅಲ್ಲಿಯವರೆಗೆ ಹತ್ತುವುದು ಅಪರೂಪ.

ಬಡಗರ ಹಟ್ಟಿಗಳ ಪಾಲಿಗೆ ಬಂದ ಜಾಗ ಇನ್ನೂ ಚಿಕ್ಕದು. ಬಡಗರು ಮೈಸೂರು ಸೀಮೆಯಿಂದ, ಅಂದರೆ ಬಡಗು ದಿಕ್ಕಿನಿಂದ ಬಂದವರೆಂಬುದು ಅವರಲ್ಲೇ ನಡೆದುಬಂದ ನಂಬಿಕೆ; ಅವರ ನುಡಿ ಕನ್ನಡಕ್ಕೆ ಹತ್ತಿರದ್ದು. ದೊಡ್ಡಬೆಟ್ಟ ಎಂಬ ಹೆಸರೇ ಸಾಕ್ಷಿ. ರಾಗಿ, ಸಾಮೆ ಬೆಳೆಯುತ್ತಿದ್ದ ಅವರ ಹೊಲಗಳು, ಸಾಲುಮನೆಗಳ ಹಟ್ಟಿಗಳು ಊಟಿ, ಕೋತಗಿರಿ, ಕೇತಿಗಳ ಸುತ್ತಲೂ ಇದ್ದವು. ತಮ್ಮ ಊರಿನ ಚೌಕಾಕಾರದ ಹೂದೋಟ, ಇಳಿಜಾರು ಸೂರುಗಳ ನೆನಪಿನಲ್ಲಿ ಬಂದವರ ಕಣ್ಣಿಗೆ ಉತ್ತ ಹೊಲ ಚಿತ್ರವತ್ತಾಗಿ ಕಾಣಲಿಲ್ಲ. ತೋಟಕ್ಕೆ ಮಣ್ಣು ಹೊತ್ತವರು, ಕಲ್ಲು ಒಡೆದವರು, ಘಾಟಿಯಲ್ಲಿ ಸಾಮಾನು ಏರಿಸಿದವರು ಕೂಡ ಇಲ್ಲ. ಇದ್ದರೂ ಮೂಲೆಯಲ್ಲಿ ಎರಡು ಚುಕ್ಕೆ.

ಹೀಗಿದ್ದೂ ಈ ಚಿತ್ರಗಳನ್ನು ಬಿಡುವಂತಿಲ್ಲ. ಚಹಾ, ಬ್ಲೂ ಗಮ್, ಅಕೇಶಿಯಾ ಆವರಿಸುವ ಮೊದಲು ಬೆಟ್ಟದ ಮೇಲ್ಮೈಯಲ್ಲಿ ಎಷ್ಟು ಹುಲ್ಲುಗಾವಲು ಇತ್ತೆಂಬುದನ್ನು ಬಣ್ಣದಲ್ಲಿ ತೋರಿಸುವ ಸಾಕ್ಷಿ ಇವೇ. ಹುಲ್ಲುಗಾವಲು, ಶೋಲಾಗಳನ್ನು ಮತ್ತೆ ಬೆಳೆಸುವ ಮಾತು ಬಂದಾಗ 'ಇಲ್ಲಿ ಮೊದಲಿನಿಂದಲೂ ಕಾಡೇ ಇತ್ತು' ಎನ್ನುವವರ ಮುಂದೆ ಇಡಬಹುದಾದ ಕಾಗದವೂ ಇದೇ. ಕೋತಗಿರಿ ಹತ್ತಿರ ಕನ್ನೇರಿಮುಕ್ಕಿನಲ್ಲಿ 1819ರಲ್ಲಿ ಸಲಿವನ್ ಕಟ್ಟಿಸಿದ ಮೊದಲ ಮನೆ ಪಾಳುಬಿದ್ದು, ಆಮೇಲೆ ದುರಸ್ತಿಯಾಗಿ ಸ್ಮಾರಕವಾಯಿತು. ಬಿದ್ದ ಕಟ್ಟಡ ಎಬ್ಬಿಸುವವರಿಗೆ ಹಳೆಯ ಚಿತ್ರದಲ್ಲಿ ಕಿಟಕಿ ಎಷ್ಟು, ಜಗಲಿಗೆ ಕಂಬ ಎಷ್ಟು, ಹೊಗೆಗೂಡು ಯಾವ ಕಡೆ ಎಂಬ ಒಂದೊಂದು ಗೆರೆಯೂ ಬೇಕಾಗುತ್ತದೆ.

ಬಣ್ಣ ಏಕೆ ಹೋಗುತ್ತದೆ

ಜಲವರ್ಣಕ್ಕೆ ಮೂರು ಶತ್ರುಗಳು: ಬೆಳಕು, ತೇವ, ಕೆಟ್ಟ ರಟ್ಟು. ಬಣ್ಣದ ಪದರ ತೀರಾ ತೆಳು, ಅದರ ಮೇಲೆ ವಾರ್ನಿಷ್ ಇಲ್ಲ. ಹಾಗಾಗಿ ಬಿಸಿಲು ನೇರವಾಗಿ ಬಣ್ಣವನ್ನೇ ತಿನ್ನುತ್ತದೆ. 1888ರಲ್ಲಿ ಬ್ರಿಟನ್ನಿನಲ್ಲಿ ರಸೆಲ್ ಮತ್ತು ಆಬ್ನಿ ಎಂಬ ವಿಜ್ಞಾನಿಗಳು ಒಂದೊಂದೇ ಬಣ್ಣವನ್ನು ಬಿಸಿಲಿಗಿಟ್ಟು ಪರೀಕ್ಷಿಸಿ ವರದಿ ಕೊಟ್ಟರು. ಕೆಂಪು ಕಾರ್ಮೈನ್ ಬೇಗ ಹಾರುವ ಬಣ್ಣಗಳಲ್ಲೊಂದು. ಸಸ್ಯಮೂಲದ ನೀಲಿ ಇಂಡಿಗೋ ಕೂಡ ಬೆಳಕಿಗೆ ಬಾಳುವುದಿಲ್ಲ. ಮಣ್ಣಿನ ಬಣ್ಣಗಳಾದ ಕಾವಿ, ಹಳದಿ ಮಣ್ಣು ಉಳಿಯುತ್ತವೆ. ಹಳೆಯ ಕಲಾವಿದರು ಮೋಡಕ್ಕೆ ಇಂಡಿಗೋ ಮತ್ತು ಕಾವಿ ಬೆರೆಸುತ್ತಿದ್ದರು. ಇಂಡಿಗೋ ಹಾರಿಹೋಗಿ ಕಾವಿ ಉಳಿದರೆ ಮಳೆಮೋಡ ಸಂಜೆಗೆಂಪಿನಂತೆ ಕಾಣುತ್ತದೆ. ನೀಲಗಿರಿಯ ಹಳೆಯ ಚಿತ್ರದಲ್ಲಿ ಆಕಾಶ ಗುಲಾಬಿಯಾಗಿದ್ದರೆ ಮೊದಲು ಫ್ರೇಮಿನ ಅಂಚಿನಲ್ಲಿ ಮುಚ್ಚಿಹೋದ ಭಾಗವನ್ನು ನೋಡಬೇಕು. ಅಲ್ಲಿ ನೀಲಿ ಉಳಿದಿದ್ದರೆ ಅದು ಸಂಜೆಯಲ್ಲ, ಬಣ್ಣಗೆಟ್ಟ ಹಗಲು.

ಮ್ಯೂಸಿಯಂಗಳಲ್ಲಿ ಜಲವರ್ಣದ ಮೇಲೆ ಸುಮಾರು 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬಿಡುವುದಿಲ್ಲ. ಮಂದ ದೀಪದ ಕೋಣೆಯಷ್ಟು ಬೆಳಕು ಅದು. ಮನೆಯಲ್ಲಿ ಅಷ್ಟು ಅಳೆಯಲಾಗದು. ಕಿಟಕಿಯ ಎದುರು ಗೋಡೆ, ಮಳೆ ಹೊಡೆಯುವ ಹೊರಗೋಡೆ, ಒಲೆಯ ಮೇಲುಗಡೆ ಈ ಮೂರನ್ನು ಬಿಟ್ಟು ತೂಗುಹಾಕಿದರೆ ಅರ್ಧ ಕೆಲಸ ಆದಂತೆ. ಗಾಜು ಚಿತ್ರಕ್ಕೆ ತಾಗಬಾರದು, ನಡುವೆ ಮೌಂಟ್ ರಟ್ಟಿನ ಅಂತರ ಇರಬೇಕು. ಆ ರಟ್ಟು ಆಮ್ಲವಿಲ್ಲದ್ದಾಗಬೇಕು. ಸಾಮಾನ್ಯ ಕಂದು ರಟ್ಟು, ಪ್ಲೈವುಡ್ ಹಿಂಬದಿ ಕಾಗದವನ್ನು ಹಳದಿ ಮಾಡುತ್ತವೆ. ಕಾಗದದ ಮೇಲೆ ಏಳುವ ಕಂದು ಚುಕ್ಕೆಗಳಿಗೆ ತೇವ, ಬೂಷ್ಟು ಕಾರಣ. ಜೂನ್‌ನಿಂದ ಡಿಸೆಂಬರ್‌ವರೆಗೆ ಒಂದಲ್ಲ ಒಂದು ಮಳೆ ಹಿಡಿಯುವ ಬೆಟ್ಟದ ಮನೆಗಳಲ್ಲಿ ಇದು ದೊಡ್ಡ ಕಾಟ.

ಸೆಲೋಟೇಪ್ ಅಂಟಿಸುವುದು, ಒದ್ದೆ ಬಟ್ಟೆಯಲ್ಲಿ ಒರೆಸುವುದು, ಲ್ಯಾಮಿನೇಷನ್ ಮಾಡಿಸುವುದು ಚಿತ್ರವನ್ನು ಕೊಂದ ಹಾಗೆ. ಲ್ಯಾಮಿನೇಷನ್ ಮಾಡಿದ ಹಾಳೆಯನ್ನು ಮತ್ತೆ ಬಿಡಿಸುವುದು ಅಸಾಧ್ಯವೆಂದೇ ಹೇಳಬೇಕು. ಚಿತ್ರ ಯಾರದು, ಎಲ್ಲಿಯದು ಎಂಬುದು ಗೊತ್ತಿದ್ದರೆ ಫ್ರೇಮಿನ ಒಳಗಿನ ರಟ್ಟಿನ ಮೇಲೆ ಪೆನ್ಸಿಲ್ಲಿನಲ್ಲಿ ಬರೆದಿಡಬೇಕು, ಬಾಲ್‌ಪೆನ್ ಬೇಡ. ಒಳ್ಳೆ ಬೆಳಕಿನಲ್ಲಿ ಒಂದು ಫೋಟೋ ತೆಗೆದಿಟ್ಟರೆ ಬಣ್ಣ ಮುಂದೆ ಎಷ್ಟು ಹೋಯಿತೆಂದು ಹೋಲಿಸಬಹುದು.

ಸಿಕ್ಕಿದ್ದು ಮೂಲಚಿತ್ರವೋ ಅಚ್ಚೋ ಎಂದು ತಿಳಿಯಲು ಭೂತಗನ್ನಡಿ ಸಾಕು. ಸಾಲಾಗಿ ಜೋಡಿಸಿದ ಬಣ್ಣದ ಚುಕ್ಕೆಗಳು ಕಂಡರೆ ಇತ್ತೀಚಿನ ಯಂತ್ರದ ಅಚ್ಚು, ಕ್ಯಾಲೆಂಡರ್ ಚಿತ್ರದ ಜಾತಿ. ಮರಳು ಚೆಲ್ಲಿದಂಥ ಸೂಕ್ಷ್ಮ ಕಣಗಳಿದ್ದು, ಚಿತ್ರದ ಸುತ್ತ ಕಾಗದದಲ್ಲಿ ತಗಡು ಒತ್ತಿದ ಗುರುತು ಇದ್ದರೆ ಹಳೆಯ ಅಕ್ವಾಟಿಂಟ್. ಪೆನ್ಸಿಲ್ ಗೆರೆ, ಅಂಚಿನಲ್ಲಿ ಬಣ್ಣ ಒಣಗಿ ಗಟ್ಟಿಯಾದ ಗೆರೆ ಕಂಡರೆ ಕೈಯಿಂದ ಬರೆದದ್ದು. ಕಾಗದವನ್ನು ಬೆಳಕಿಗೆ ಹಿಡಿದಾಗ ನೀರುಗುರುತು, ಇಸವಿ ಕಾಣಿಸಿದರೆ ಚಿತ್ರ ಆ ಇಸವಿಗಿಂತ ಹಿಂದಿನದಲ್ಲ.

ಈಗ ಬರೆಯುವವರಿಗೆ

ನೀಲಗಿರಿಯಲ್ಲಿ ಹೊರಗೆ ಕುಳಿತು ಜಲವರ್ಣ ಬರೆಯಲು ಜನವರಿಯಿಂದ ಮಾರ್ಚ್‌ವರೆಗಿನ ಬೆಳಗಿನ ಹೊತ್ತು ಅನುಕೂಲ. ಮಂಜು ಇಳಿದರೆ ಮೊದಲ ಪದರವೇ ಒಣಗುವುದಿಲ್ಲ. ಮೇಲೆ ಎರಡನೆಯದು ಹಾಕಿದರೆ ಎರಡೂ ಕಲಸಿ ಕೆಸರಾಗುತ್ತವೆ. ಕಾಗದ 300 ಜಿ.ಎಸ್.ಎಂ. ದಪ್ಪದ್ದಾದರೆ ಸುಕ್ಕುವುದು ಕಡಿಮೆ. ವಿದ್ಯಾರ್ಥಿಗಳ ಅಗ್ಗದ ಬಣ್ಣ ಅಭ್ಯಾಸಕ್ಕೆ ಸಾಕು. ಉಳಿಯಬೇಕೆಂದು ಬರೆಯುವ ಚಿತ್ರಕ್ಕೆ ಬೆಳಕಿಗೆ ಬಾಳುತ್ತದೆಂಬ ಗುರುತು ಟ್ಯೂಬಿನ ಮೇಲಿದೆಯೇ ನೋಡಿ ಕೊಳ್ಳುವುದು ವಾಸಿ.

ಬಂಗಲೆಯಲ್ಲಿ ಕಷ್ಟದ ಭಾಗ ಬಿಳಿ ಗೋಡೆ. ಜಲವರ್ಣದಲ್ಲಿ ಬಿಳಿ ಎಂದರೆ ಹಚ್ಚದೆ ಬಿಟ್ಟ ಕಾಗದ. ಬಿಸಿಲು ಬಿದ್ದ ಗೋಡೆಯನ್ನು ಹಾಗೆಯೇ ಬಿಟ್ಟು, ನೆರಳಿನ ಗೋಡೆಗೆ ತೆಳು ನೀಲಿನೇರಳೆ ಹಾಯಿಸಿ, ಸೂರಿನ ಕೆಳಗಿನ ಕಪ್ಪು ನೆರಳನ್ನು ಒಂದೇ ಎಳೆತದಲ್ಲಿ ಹಾಕಿದರೆ ಕಟ್ಟಡ ತಾನಾಗಿ ಎದ್ದು ನಿಲ್ಲುತ್ತದೆ. ಕಿಟಕಿ ಎಣಿಸಿಯೇ ಬರೆಯಬೇಕು. ಹೂಪಾತಿಯಲ್ಲಿ ಒಂದೊಂದು ಹೂವನ್ನೂ ಬರೆಯಹೋದರೆ ಚಿತ್ರ ಕೆಡುತ್ತದೆ. ಮೊದಲು ತಿಳಿ ಹೂಬಣ್ಣ, ಆಮೇಲೆ ಅದರ ಸುತ್ತ ಕಡು ಹಸಿರು. ಬ್ಲೂ ಗಮ್ ಎಲೆಗೆ ಹಸಿರಿನಲ್ಲಿ ಚೂರು ಕಾವಿ ಸೇರಿಸಿದರೆ ಆ ಬೂದು ಬರುತ್ತದೆ, ಶೋಲಾ ಕಾಡಿಗೆ ಕೆಂಪು ತುಸು ಹೆಚ್ಚು ಬೇಕು, ಏಕೆಂದರೆ ಅಲ್ಲಿನ ಚಿಗುರೇ ಕೆಂಪು.

ಲಿಯರ್ ಅವರಂತೆ ದಿನಾಂಕ, ಸ್ಥಳ, ಹೊತ್ತು ಚಿತ್ರದ ಮೂಲೆಯಲ್ಲಿ ಬರೆಯುವುದನ್ನು ಮರೆಯಬಾರದು. ಜಾಗದ ಹೆಸರನ್ನು ಬೋರ್ಡಿನಲ್ಲಿ ಇದ್ದಂತೆ ಒಮ್ಮೆ, ಹಟ್ಟಿಯವರು ಕರೆಯುವಂತೆ ಇನ್ನೊಮ್ಮೆ ಬರೆದರೆ ಇನ್ನೂ ಒಳ್ಳೆಯದು. ಕಲ್ ಬಂಗಲೆಯ ಹೆಸರು ಉಳಿದದ್ದು ಹಾಗೆಯೇ.